ಲೇಔಟ್ ಮಧ್ಯದ ಎರಡೂಕಾಲು ಎಕರೆ: ಮಾರುವ ಮಾತು ಆಮೇಲೆ, ಮೊದಲು ದಾರಿ ಮತ್ತು ಕಾಲುವೆ

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ಮಾಲೂರು ಹತ್ತಿರ 2 ಎಕರೆ 10 ಗುಂಟೆ ಇದೆ, ಎರಡು ಕಡೆ ಲೇಔಟ್ ಬಂದಿದೆ, ಮಗ ದಿನಾ ರೈಲಿನಲ್ಲಿ ವೈಟ್‌ಫೀಲ್ಡ್‌ಗೆ ಕೆಲಸಕ್ಕೆ ಹೋಗುತ್ತಾನೆ, ಮಾರಿಬಿಡಲಾ, ಇಲ್ಲ ಬಿಲ್ಡರ್ ಲೇಔಟ್ ಮಾಡಿ ಸೈಟು ಹಂಚಿಕೊಳ್ಳುವ ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಡಲಾ ಎಂದು ಕೇಳಿದ್ದೀರಿ. ನಮ್ಮೂರಿನದೂ ಇದೇ ಕತೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದಾಯಿತು. 2023ರಲ್ಲಿ ಮೆಟ್ರೋ ವೈಟ್‌ಫೀಲ್ಡ್‌ವರೆಗೆ ಬಂತು. ಇನ್ನು ಬ್ರೋಕರ್‌ಗಳು ಮನೆ ಬಾಗಿಲು ಬಿಡುವುದಿಲ್ಲ. ಆದರೆ ಅವಸರ ಮಾಡಬೇಡಿ. ಮೊದಲು ನಿಮ್ಮ ಜಮೀನಿನ ದಾರಿ ಮತ್ತು ಕಾಲುವೆ ಭದ್ರ ಮಾಡಿಕೊಳ್ಳಿ. ಅವೆರಡು ಹೋದರೆ ಬೆಳೆಯೂ ಇಲ್ಲ, ರೇಟೂ ಇಲ್ಲ.

ನನಗೆ ಆದದ್ದು ಹೇಳುತ್ತೇನೆ. ನಮ್ಮ ಮೇಲಿನ ಹೊಲ ಲೇಔಟ್ ಆಯಿತು. ಮಳೆ ನೀರು ಕೆರೆಗೆ ಹೋಗುತ್ತಿದ್ದ ಕಾಲುವೆ ಆರಡಿ ಅಗಲ ಇತ್ತು. ಅದಕ್ಕೆ ಮಣ್ಣು ತುಂಬಿ, ಮೇಲೆ ರಸ್ತೆ ಹಾಕಿ, ಕೆಳಗೆ ಒಂದಡಿ ಸಿಮೆಂಟ್ ಪೈಪ್ ಇಟ್ಟರು. ಬೇಸಿಗೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ತೆನೆ ಕಟ್ಟಿದ ರಾಗಿ ನಿಂತಿದ್ದಾಗ ಒಂದು ರಾತ್ರಿ ಜೋರು ಮಳೆ ಬಂತು. ಬೆಳಗ್ಗೆ ಹೋಗಿ ನೋಡಿದರೆ ಪೈಪಿನ ಬಾಯಿಗೆ ಕಸ, ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ, ಹೊಲದಲ್ಲಿ ಮೊಣಕಾಲುದ್ದ ನೀರು. ರಾಗಿ ಎಲ್ಲಾ ಮಲಗಿತ್ತು. ತೆನೆಯಲ್ಲೇ ಮೊಳಕೆ ಬಂತು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಆಗ ಕೈ ಹಿಡಿದದ್ದು ಗ್ರಾಮ ನಕ್ಷೆ. ಅದು ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಒಂಟಿ ಚುಕ್ಕೆ ಗೆರೆ ಕಾಲುದಾರಿ, ಜೋಡಿ ಚುಕ್ಕೆ ಗೆರೆ ಬಂಡಿದಾರಿ. ಕಾಲುವೆಯ ಗೆರೆ ಕೆರೆಗೆ ಹೋಗಿ ಸೇರುತ್ತದೆ, ಹುಡುಕುವುದು ಕಷ್ಟವಿಲ್ಲ. ಮೊಬೈಲಿಗೆ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಹೊಲದಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದೂ ತೋರಿಸುತ್ತದೆ. ಪಕ್ಕದವರು ಕಾಂಪೌಂಡ್ ಎತ್ತುವ ಮೊದಲೇ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವುದಕ್ಕೆ, ಅರ್ಜಿ ಹಾಕಿ, ಸರ್ವೆಯರ್ ಕೈಯಲ್ಲಿ ಅಳತೆ ಮಾಡಿಸಿ, ಕಲ್ಲು ನೆಡಿಸಿ. ಕಾಲುವೆ ಮುಚ್ಚಿದ್ದರೆ ನಕ್ಷೆ, ಫೋಟೋ ಜೊತೆ ತಹಶೀಲ್ದಾರರಿಗೆ ಬರೆದುಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ನಮಗೆ ಎಂಟು ತಿಂಗಳು ಓಡಾಟ ಆಯಿತು, ಆದರೆ ಕಾಲುವೆ ಬಿಡಿಸಿದರು. ಗೋಡೆ ಎದ್ದ ಮೇಲಾಗಿದ್ದರೆ ಆಗುತ್ತಿರಲಿಲ್ಲ.

ಪತ್ರದ ವಿಚಾರ. ಪಹಣಿ ಇನ್ನೂ ತಂದೆ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಪೋಡಿ, ಅಂದರೆ ನಿಮ್ಮ ಭಾಗ ಅಳೆದು ಬೇರೆ ನಂಬರ್ ಮಾಡುವುದು, ಆಗಿದೆಯಾ ನೋಡಿ. ಅಕ್ಕತಂಗಿಯರನ್ನು ಕೂರಿಸಿಕೊಂಡು ಮಾತಾಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು. ಸುಮ್ನೆ ಸಹಿ ಹಾಕಿಸಿಕೊಳ್ಳುವುದಲ್ಲ, ಪಾಲು ಕೊಟ್ಟೇ ಹಾಕಿಸಿಕೊಳ್ಳಿ. ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದರೆ ವಕೀಲರಿಗೆ ತೋರಿಸದೆ ಒಂದು ರೂಪಾಯಿ ಅಡ್ವಾನ್ಸ್ ಕೂಡ ಮುಟ್ಟಬೇಡಿ.

ಜಾಯಿಂಟ್ ಡೆವಲಪ್‌ಮೆಂಟ್ ಲೆಕ್ಕ ನೀವೇ ಹಾಕಿ ನೋಡಿ. ಒಂದು ಗುಂಟೆಗೆ 1,089 ಚದರಡಿ. ನಿಮ್ಮದು 90 ಗುಂಟೆ, ಅಂದರೆ 98,010 ಚದರಡಿ. ರಸ್ತೆ, ಪಾರ್ಕು ಬಿಟ್ಟು ಶೇ. 55 ಸೈಟಿಗೆ ಉಳಿಯಿತು ಎಂದುಕೊಂಡರೂ 30x40 ಅಳತೆಯ 44 ಸೈಟು. ಅರ್ಧ ಪಾಲಾದರೆ ನಿಮಗೆ 22. ಯಾವ ನಂಬರಿನ ಸೈಟು ನಿಮ್ಮದು, ಎಷ್ಟು ತಿಂಗಳಲ್ಲಿ ಕೊಡಬೇಕು, ಎರಡನ್ನೂ ಕರಾರಿನಲ್ಲಿ ಬರೆಸಿ. ತೆರಿಗೆಯದೂ ಇದೆ. ಕೃಷಿ ಜಮೀನು ಮಾರಿದರೆ ಊರಿನ ಜನಸಂಖ್ಯೆ ನೋಡುತ್ತಾರೆ. 10 ಸಾವಿರದಿಂದ 1 ಲಕ್ಷದೊಳಗಿನ ಪಟ್ಟಣವಾದರೆ, ಪುರಸಭೆ ಗಡಿಯಿಂದ 2 ಕಿಲೋಮೀಟರ್ ಆಚೆಗಿನ ಜಮೀನಿಗೆ ಬಂಡವಾಳ ಲಾಭದ ತೆರಿಗೆ ಇಲ್ಲ. ಕನ್ವರ್ಷನ್, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆದಮೇಲೆ ಅದು ಕೃಷಿ ಜಮೀನು ಅನ್ನಿಸಿಕೊಳ್ಳುವುದಿಲ್ಲ. ಹಾಗಾಗಿ ಆಡಿಟರ್ ಹತ್ತಿರ ಮೊದಲೇ ಹೋಗಿ, ಕನ್ವರ್ಷನ್ ಆದಮೇಲಲ್ಲ.

ಬೆಳೆ ಇಡುವುದಾದರೆ ಎಲ್ಲಾ ಟೊಮ್ಯಾಟೊಗೆ ಬಿಡಬೇಡಿ. ಆಳು ಸಿಗುವುದಿಲ್ಲ. ನಮ್ಮೂರ ಹುಡುಗ ಹುಡುಗಿಯರೆಲ್ಲ ನರಸಾಪುರ, ವೇಮಗಲ್ ಫ್ಯಾಕ್ಟರಿ ಬಸ್ ಹತ್ತುತ್ತಾರೆ. ಮನೆಯವರೇ ನೋಡಿಕೊಳ್ಳುವಷ್ಟು, ಹದಿನೈದು ಇಪ್ಪತ್ತು ಗುಂಟೆ ಸೊಪ್ಪು ಹಾಕಿ. ದಂಟು, ಸಬ್ಬಸಿಗೆ, ಮೆಂತ್ಯ, ಕೊತ್ತಂಬರಿ, ವಾರಕ್ಕೊಂದು ಮಡಿ ಬಿತ್ತುತ್ತಾ ಹೋಗಿ. ನಾವು ಮೊದಲು ಬೆಳಗ್ಗೆ ಆರಕ್ಕೆ ಲೇಔಟ್ ಗೇಟಿನ ಹತ್ತಿರ ಕೂರುತ್ತಿದ್ದೆವು. ಯಾರೂ ನಿಲ್ಲುತ್ತಿರಲಿಲ್ಲ, ಎಲ್ಲರಿಗೂ ರೈಲಿನ ಅವಸರ. ಈಗ ಸಂಜೆ ನಾಲ್ಕು ಗಂಟೆಗೆ ಕಿತ್ತು, ತೊಳೆದು, ಒದ್ದೆ ಗೋಣಿಯಲ್ಲಿ ಸುತ್ತಿ, ಏಳಕ್ಕೆ ಕೂರುತ್ತೇವೆ. ಕೆಲಸ ಮುಗಿಸಿದವರು ಕೊರಳಲ್ಲಿ ಕಂಪನಿ ಐಡಿ ಹಾಕಿಕೊಂಡೇ ಬರುತ್ತಾರೆ, ಬಸ್ಸಾರಿಗೆ ಯಾವ ಸೊಪ್ಪು ಅಂತ ಕೇಳಿ ತೆಗೆದುಕೊಂಡು ಹೋಗುತ್ತಾರೆ. ಅವರೆಕಾಯಿ ಕಾಲದಲ್ಲಿ ನಮ್ಮಮ್ಮ ಹಿತಕಿದ ಬೇಳೆ ಪಾವಿನಲ್ಲಿ ಅಳೆದು ಕೊಡುತ್ತಾರೆ. ಅದಕ್ಕೆ ಕಾಯಿಗಿಂತ ಒಳ್ಳೆ ದುಡ್ಡು. ಸುತ್ತ ಮನೆಗಳಿರುವುದರಿಂದ ಔಷಧಿ ಹೊಡೆಯುವುದು ಆದಷ್ಟು ಕಡಿಮೆ ಮಾಡಿ, ಹೊಡೆದ ಮೇಲೆ ಎಷ್ಟು ದಿನ ಕೀಳಬಾರದು ಎಂದು ಡಬ್ಬಿ ಮೇಲೆ ಬರೆದಿರುತ್ತದೆ, ಅದನ್ನು ಮೀರಬೇಡಿ.

ನಿಮ್ಮೂರಿನ ನಕ್ಷೆ ತೆಗೆದು ಇಲ್ಲೇ ಗುಂಪಿನಲ್ಲಿ ಹಾಕಿ, ಸರ್ವೆ ನಂಬರ್ ಮಾತ್ರ ನನಗೆ ಬೇರೆಯಾಗಿ ಕಳಿಸಿ. ಕಾಲುವೆ ಯಾವುದು, ಬಂಡಿದಾರಿ ಯಾವುದು ಎಂದು ಗುರುತು ಹಾಕಿ ಕೊಡುತ್ತೇನೆ.