6305 ಅಂದರೆ ಎಲ್ಲ ಒಂದೇ ಅಲ್ಲ ಮಾರಾಯ್ರೇ

ಪ್ರಶ್ನೆ: ನಮ್ಮ ಮಾವನ ಯೆಜ್ಡಿ ರೋಡ್‌ಕಿಂಗ್ ಬೈಕ್ ಕಾಪುವಿನ ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ಸುಮ್ನೆ ನಿಂತಿತ್ತು. ಈಗ ಇಂಜಿನ್ ಬಿಚ್ಚಿಸಿದ್ದೇನೆ. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಬೇರಿಂಗ್ ತಿರುಗಿಸಿದರೆ ಗರಗರ ಅನ್ನುತ್ತದೆ. ಹಳೆಯದರ ಮೇಲೆ 6305 ಸಿ3 ಅಂತ ಉಂಟು. ಅಂಗಡಿಯವರು ಬರೀ 6305 ಕೊಟ್ಟು "ಇದೂ ಅದೇ, ಸಿ3 ಗಿ3 ಎಲ್ಲ ಬೇಡ" ಎಂದರು. ಮೆಕ್ಯಾನಿಕ್ ಕೂಡ ಹಾಕಿಬಿಡುವಾ ಅನ್ನುತ್ತಾರೆ. ಇಂಜಿನ್‌ನ ಹೊರಕವಚ, ಅಂದರೆ ಕೇಸಿಂಗ್‌ನಲ್ಲಿ ಹೊಸ ಬೇರಿಂಗ್ ಕೈಯಲ್ಲೇ ಸಲೀಸಾಗಿ ಕೂತಿತು. ಅದು ಒಳ್ಳೆಯದೇ ಅಲ್ವಾ? ಒರಿಜಿನಲ್ ಬೇರಿಂಗ್ ಎಲ್ಲಿ ಸಿಗುತ್ತದೆ?

ಉತ್ತರ: ಕೈಯಲ್ಲೇ ಕೂತಿತು ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಅದು ಒಳ್ಳೆಯದಲ್ಲ. ನಿಮ್ಮ ಇಂಜಿನ್‌ನ ದೊಡ್ಡ ತೊಂದರೆ ಅದೇ. ಬೇರಿಂಗ್ ಯಾವಾಗ ಬೇಕಾದರೂ ಸಿಗುತ್ತದೆ, ಕೇಸಿಂಗ್ ಸಿಗುವುದಿಲ್ಲ.

ಕೇಸಿಂಗ್ ಅಲ್ಯೂಮಿನಿಯಂ, ಬೇರಿಂಗ್ ಸ್ಟೀಲ್. ಬಿಸಿಯಾದಾಗ ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡು ಪಟ್ಟು ಜಾಸ್ತಿ ಹಿಗ್ಗುತ್ತದೆ. 6305ರ ಹೊರಗಿನ ಅಳತೆ 62 ಮಿ.ಮೀ. ಇಂಜಿನ್ 80 ಡಿಗ್ರಿಯಷ್ಟು ಬಿಸಿ ಏರಿತು ಅಂದುಕೊಳ್ಳಿ, ಆಗ ಕೇಸಿಂಗ್‌ನ ತೂತು ಸುಮಾರು 0.11 ಮಿ.ಮೀ. ಹಿಗ್ಗಿದರೆ ಬೇರಿಂಗ್ ಹಿಗ್ಗುವುದು 0.06 ಮಾತ್ರ. ಅಂದರೆ ತಣ್ಣಗಿದ್ದಾಗ ಬಿಗಿಯಾಗಿ ಕೂತ ಬೇರಿಂಗೇ ಓಡುವಾಗ ಸ್ವಲ್ಪ ಸಡಿಲವಾಗುತ್ತದೆ. ತಣ್ಣಗಿದ್ದಾಗಲೇ ಕೈಯಲ್ಲಿ ಕೂರುವಂಥದ್ದು ರಸ್ತೆಗೆ ಇಳಿದ ಮೇಲೆ ಕೇಸಿಂಗ್ ಒಳಗೆ ತಾನೇ ತಿರುಗಲು ಶುರು ಮಾಡುತ್ತದೆ, ತಿರುಗಿದಷ್ಟೂ ಸೀಟ್ (ಬೇರಿಂಗ್ ಕೂರುವ ಜಾಗ) ಸವೆಯುತ್ತದೆ, ಸವೆದಷ್ಟೂ ಇನ್ನೂ ತಿರುಗುತ್ತದೆ. ಈಗಲೇ ಟಾರ್ಚ್ ಹಿಡಿದು ನೋಡಿ. ಸೀಟ್ ಕನ್ನಡಿ ಹಾಗೆ ಹೊಳೆಯುತ್ತಿದ್ದರೆ, ಹಳೇ ಬೇರಿಂಗ್‌ನ ಹೊರಮೈಯಲ್ಲಿ ಸುತ್ತಲೂ ಉಜ್ಜಿದ ಗೆರೆ ಇದ್ದರೆ, ಅದು ಮೊದಲಿನಿಂದಲೇ ತಿರುಗುತ್ತಿತ್ತು.

ಇದಕ್ಕೆ ನಮ್ಮ ಕಡೆ ಸಾಮಾನ್ಯವಾಗಿ ಮಾಡುವ ಮದ್ದು ಪಂಚ್ ಹೊಡೆಯುವುದು. ಸೀಟ್ ಸುತ್ತ ಸೆಂಟರ್ ಪಂಚ್‌ನಲ್ಲಿ ಚುಕ್ಕಿ ಚುಕ್ಕಿ ಹೊಡೆದು ಬೇರಿಂಗ್ ತುರುಕುತ್ತಾರೆ. ಆ ಕ್ಷಣಕ್ಕೆ ಟೈಟ್ ಅನಿಸುತ್ತದೆ, ನಿಜ. ಆದರೆ ಬೇರಿಂಗ್ ಕೂತಿರುವುದು ಚುಕ್ಕಿಗಳ ತುದಿ ಮೇಲೆ ಮಾತ್ರ. ಅವು ಬೇಗ ಚಪ್ಪಟೆಯಾಗುತ್ತವೆ, ಮತ್ತೆ ಅದೇ ಕತೆ. ಜೊತೆಗೆ ಬೇರಿಂಗ್ ನಡು ತಪ್ಪಿ ಕೂರುವ ಸಂಭವವೂ ಉಂಟು. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಮೊದಲು ಬೋರ್ ಗೇಜ್ (ತೂತಿನ ಅಳತೆ ನೋಡುವ ಸಾಧನ) ಇರುವ ಲೇತ್‌ನವರ ಹತ್ತಿರ ಸೀಟ್ ಅಳೆಸಿ. ಬೈಕಂಪಾಡಿಯಲ್ಲೋ ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದಲ್ಲೋ ಒಳ್ಳೆ ಮಷೀನ್ ಶಾಪ್ ವಿಚಾರಿಸಿ. ಕೂದಲೆಳೆಯಷ್ಟು ಲೂಸ್ ಇದ್ದರೆ ಬೇರಿಂಗ್ ಕೂರಿಸಲೆಂದೇ ಮಾಡಿದ ಅಂಟು ಬರುತ್ತದೆ, ಬಿಸಿ ತಡೆಯುವ ಜಾತಿಯದ್ದು ತೆಗೆದುಕೊಳ್ಳಿ. ಸೀಟ್‌ನಲ್ಲಿ ಎಣ್ಣೆಯ ಪಸೆ ಇದ್ದರೆ ಮಾತ್ರ ಅದು ಹಿಡಿಯುವುದಿಲ್ಲ. ಅದಕ್ಕಿಂತ ಜಾಸ್ತಿ ಸವೆದಿದ್ದರೆ ತೂತು ದೊಡ್ಡದು ಮಾಡಿಸಿ ಒಳಗೆ ಸ್ಲೀವ್, ಅಂದರೆ ಲೋಹದ ಬಳೆ ಹಾಕಿಸಬೇಕು. ಆ ಕೆಲಸಕ್ಕೆ ಕೇಸಿಂಗ್‌ನ ಎರಡೂ ಭಾಗ ಒಟ್ಟಿಗೆ ಕೊಡಿ, ಒಂದೇ ಕೊಟ್ಟರೆ ಎರಡು ಸೀಟ್‌ಗಳ ನಡು ಒಂದೇ ಗೆರೆಯಲ್ಲಿ ಬರುವುದು ಕಷ್ಟ. ಖರ್ಚಿನ ಕೆಲಸ, ಆದರೆ ಒಮ್ಮೆ ಮಾಡಿಸಿದರೆ ಮುಗಿಯಿತು.

ಇನ್ನು ಸಿ3. ನಿಮ್ಮ ಅಂಗಡಿಯವರು ಹೇಳಿದ್ದು ಅರ್ಧ ಸತ್ಯ. 6305ರಲ್ಲಿ 6 ಅಂದರೆ ಸಾದಾ ಬಾಲ್ ಬೇರಿಂಗ್, 3 ಅಂದರೆ ದಪ್ಪ ಎಷ್ಟು ಅನ್ನುವ ಸೀರೀಸ್, ಕೊನೆಯ 05 ಅನ್ನು 5ರಿಂದ ಗುಣಿಸಿದರೆ ಒಳಗಿನ ತೂತು, 25 ಮಿ.ಮೀ. ಅಗಲ 17. ಇಲ್ಲಿಯವರೆಗೆ ಎರಡೂ ಒಂದೇ. ಸಿ3 ಹೇಳುವುದು ಬಾಲ್‌ಗಳಿಗೂ ಅವು ಓಡುವ ದಾರಿಗೂ ನಡುವೆ ಬಿಟ್ಟ ಜಾಗ. ಈ ಸೈಜಿನಲ್ಲಿ ಮಾಮೂಲಿ ಬೇರಿಂಗ್‌ಗೆ ಅದು 5ರಿಂದ 20 ಮೈಕ್ರಾನ್, ಸಿ3ಗೆ 13ರಿಂದ 28. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿ.ಮೀ., ಹಾಗಾಗಿ ಇದು ಕಣ್ಣಿಗೆ ಕಾಣುವ ವಿಷಯ ಅಲ್ಲ. ಆದರೆ ಕ್ರ್ಯಾಂಕ್ ಮೇಲೆ ಬಿಗಿಯಾಗಿ ಕೂತಾಗ ಒಳಗಿನ ರಿಂಗ್ ಹಿಗ್ಗುತ್ತದೆ, ಕೇಸಿಂಗ್ ಹೊರಗಿನ ರಿಂಗನ್ನು ಅದುಮುತ್ತದೆ, ಇಂಜಿನ್ ಓಡುವಾಗ ಕ್ರ್ಯಾಂಕ್ ಕಡೆಯ ಬಿಸಿಯೂ ಸೇರುತ್ತದೆ. ಎಲ್ಲ ಸೇರಿ ಆ ಜಾಗವನ್ನು ತಿಂದುಹಾಕುತ್ತವೆ. ಮಾಮೂಲಿ ಬೇರಿಂಗ್‌ನಲ್ಲಿ ಏನೂ ಉಳಿಯದೆ ಹೋಗಬಹುದು. ಆಗ ಬಾಲ್ ಹಿಸುಕಿಕೊಂಡೇ ಓಡುತ್ತದೆ, ಬಿಸಿ ಏರುತ್ತದೆ, ಬೇಗ ಹೋಗುತ್ತದೆ. ಹೊಸ ಸಿ3 ಬೇರಿಂಗ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಸಣ್ಣಗೆ ಟಕಟಕ ಅನ್ನುವುದುಂಟು. ಅದನ್ನು ಡಿಫೆಕ್ಟ್ ಅಂತ ವಾಪಸ್ ಕೊಟ್ಟು ಬಂದವರೂ ಇದ್ದಾರೆ!

ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಆದ್ದರಿಂದ ಕಂಪನಿ ಒರಿಜಿನಲ್ ಅಂತ ಹಳೇ ಸ್ಟಾಕ್ ಹುಡುಕುತ್ತಾ ಬೆಂಗಳೂರಿನ ಜೆ.ಸಿ. ರಸ್ತೆವರೆಗೆ ಹೋಗುವವರಿದ್ದಾರೆ. ಕನೆಕ್ಟಿಂಗ್ ರಾಡ್ ಕಿಟ್‌ಗಾದರೆ ಆ ಓಡಾಟಕ್ಕೆ ಅರ್ಥ ಉಂಟು. ಬೇರಿಂಗ್‌ಗೆ ಬೇಡ. ಇದು ಪ್ರಪಂಚದ ಎಲ್ಲ ಕಡೆ ಒಂದೇ ಅಳತೆಯಲ್ಲಿ ಬರುವ ಮಾಲು, ಪಂಪು ಮೋಟಾರುಗಳಿಗೂ ಇದೇ ಸೈಜ್ ಹೋಗುತ್ತದೆ. ಹಾಗಾಗಿ ಬೈಕ್ ಸ್ಪೇರ್ ಅಂಗಡಿ ಬಿಟ್ಟು ಮಂಗಳೂರಿನಲ್ಲಿ ಬೇರಿಂಗ್ ಮಾತ್ರ ಮಾರುವ ಡೀಲರ್ ಹತ್ತಿರ ಹೋಗಿ, "6305 ಸಿ3, ಓಪನ್" ಅಂತ ಪೂರ್ತಿ ಹೇಳಿ. ಓಪನ್ ಅಂತ ಯಾಕೆ ಒತ್ತಿ ಹೇಳಬೇಕೆಂದರೆ ಪಂಪಿಗೆ ಹೋಗುವುದು ಎರಡೂ ಕಡೆ ಮುಚ್ಚಳ ಇರುವ ಝಡ್‌ಝಡ್, ಅದನ್ನೇ ಕೈಗೆ ಕೊಟ್ಟುಬಿಡುತ್ತಾರೆ. ನಿಮ್ಮದು ಟೂ ಸ್ಟ್ರೋಕ್, ಪೆಟ್ರೋಲ್ ಜೊತೆ ಬರುವ ಆಯಿಲ್ ಒಳಗೆ ಹೋಗಲು ದಾರಿ ಬೇಕಲ್ವಾ?

ಎಸ್‌ಕೆಎಫ್, ಎಫ್‌ಎಜಿ, ಎನ್‌ಬಿಸಿ, ಯಾವುದಾದರೂ ಆದೀತು. ಬ್ರ್ಯಾಂಡ್ ಬಗ್ಗೆ ಜಗಳ ಆಡುವುದಕ್ಕಿಂತ ನಕಲಿ ಬಗ್ಗೆ ಹುಷಾರಾಗಿರುವುದು ಮುಖ್ಯ. ಬಿಲ್ ಕೇಳಿ. ಎಸ್‌ಕೆಎಫ್‌ಗೆ ಆಥೆಂಟಿಕೇಟ್ ಅನ್ನುವ ಮೊಬೈಲ್ ಆ್ಯಪ್ ಉಂಟು, ಫೋಟೋ ಕಳಿಸಿದರೆ ಅಸಲಿಯೋ ಅಂತ ಹೇಳುತ್ತಾರೆ. ತಂದ ಮೇಲೆ ಪ್ಯಾಕೆಟ್ ಒಡೆಯಬೇಡಿ. ನಮ್ಮ ಕರಾವಳಿಯ ಹವೆಯಲ್ಲಿ, ಅದರಲ್ಲೂ ಮಳೆ ಸುರಿಯುವ ಆಟಿ ತಿಂಗಳಲ್ಲಿ, ಬೆವರು ಕೈಯಲ್ಲಿ ಮುಟ್ಟಿಟ್ಟ ಬೇರಿಂಗ್‌ನಲ್ಲಿ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಕಾಣಿಸುತ್ತದೆ. ನಿಮ್ಮ ಹಳೆಯದು ಗರಗರ ಅನ್ನುವುದೂ ಇದರಿಂದಲೇ ಇರಬೇಕು. ಗಾಡಿ ನಿಂತಲ್ಲೇ ನಿಂತಾಗ ಬಾಲ್ ಕೂತ ಜಾಗದಲ್ಲಿ ನೀರಿನ ಪಸೆ ಹಿಡಿದು ಸಣ್ಣ ಗುಳಿ ಬೀಳುತ್ತದೆ. ಸೀಮೆಎಣ್ಣೆಯಲ್ಲಿ ಎಷ್ಟು ತೊಳೆದರೂ ಗುಳಿ ಹೋಗುವುದಿಲ್ಲ.

ಕೂರಿಸುವಾಗ ಸುತ್ತಿಗೆ ಬೇಡ. ಸೀಲ್‌ಗಳನ್ನು ತೆಗೆದು, ಕೇಸಿಂಗ್ ಚೆನ್ನಾಗಿ ತೊಳೆದು, ಓವನ್‌ನಲ್ಲಿ 100–110 ಡಿಗ್ರಿಗೆ ಬಿಸಿ ಮಾಡಿ. ಪೆಟ್ರೋಲ್ ವಾಸನೆ ಇರುವಾಗಲೇ ಒಳಗಿಟ್ಟರೆ ಬೆಂಕಿಯ ಅಪಾಯ, ಮನೆಯವರ ಬೈಗುಳ ಬೇರೆ. ಗ್ಯಾಸ್ ಟಾರ್ಚ್‌ನಲ್ಲಿ ಒಂದೇ ಕಡೆ ಕಾಯಿಸಿದರೆ ಕೇಸಿಂಗ್ ಸೊಟ್ಟಗಾಗಬಹುದು. ಬಿಸಿ ಸರಿಯಾಗಿದ್ದರೆ ಬೇರಿಂಗ್ ನೇರ ಹಿಡಿದು ಬಿಟ್ಟ ಕೂಡಲೇ ಟಣ್ ಅಂತ ತಳಕ್ಕೆ ಕೂರುತ್ತದೆ, ಕೇಸಿಂಗ್ ತಣಿಯುವವರೆಗೆ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಒಂದು ಬದಿ ಮೇಲೇಳುತ್ತದೆ. ಬೇರಿಂಗನ್ನು ಫ್ರೀಜರ್‌ನಲ್ಲಿ ಇಡಿ ಅಂತ ಎಲ್ಲ ಕಡೆ ಹೇಳುತ್ತಾರೆ. ಮಳೆಗಾಲದಲ್ಲಿ ನಾನು ಬೇಡ ಅನ್ನುತ್ತೇನೆ, ಹೊರಗೆ ತೆಗೆದ ಕ್ಷಣಕ್ಕೆ ಮೈಯೆಲ್ಲ ನೀರು. ಕೇಸಿಂಗ್‌ನ ಬಿಸಿಯೇ ಸಾಕು.

ಒತ್ತಲೇಬೇಕಾಗಿ ಬಂದರೆ ಕೇಸಿಂಗ್‌ಗೆ ಹಾಕುವಾಗ ಹೊರಗಿನ ರಿಂಗ್ ಮೇಲೆ, ಕ್ರ್ಯಾಂಕ್‌ಗೆ ಹಾಕುವಾಗ ಒಳಗಿನ ರಿಂಗ್ ಮೇಲೆ ಒತ್ತಿ. ಉಲ್ಟಾ ಮಾಡಿದರೆ ಪೂರ್ತಿ ಒತ್ತಡ ಬಾಲ್‌ಗಳ ಮೂಲಕ ಹೋಗಿ ಹೊಸ ಬೇರಿಂಗಲ್ಲೇ ಗುಳಿ ಬೀಳುತ್ತದೆ. ಯೆಜ್ಡಿಯದ್ದು ಒತ್ತಿ ಕೂಡಿಸಿದ ಕ್ರ್ಯಾಂಕ್, ತುದಿಗೆ ಸುತ್ತಿಗೆಯಲ್ಲಿ ಬಡಿದರೆ ಎರಡು ಫ್ಲೈವೀಲ್‌ಗಳ ಜೋಡಣೆಯೇ ತಪ್ಪುತ್ತದೆ. ಜೋಡಿಸುವ ಮುಂಚೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿಸಿ, ಮುಳ್ಳು 0.03 ಮಿ.ಮೀ.ಗಿಂತ ಜಾಸ್ತಿ ಆಡಬಾರದು. ಆಯಿಲ್ ಸೀಲ್ ಎರಡೂ ಹೊಸದು ಹಾಕಿ, ಅದರಲ್ಲಿ ಉಳಿತಾಯ ಮಾಡಬೇಡಿ.

ಪ್ರಶ್ನೆ: ಮೂಡುಬಿದಿರೆಯಿಂದ ಬರೆಯುತ್ತಿದ್ದೇನೆ. ನನ್ನ ಹಳೇ ಬುಲೆಟ್‌ನ ಬಿಗ್ ಎಂಡ್‌ನಲ್ಲಿ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆ) ಬುಷ್ ಉಂಟು, ಬಾಲ್ ರೋಲರ್ ಇಲ್ಲದ ಸಾದಾ ಬಳೆ. ತೆಗೆದು ರೋಲರ್ ಬೇರಿಂಗ್ ಹಾಕಿಸಲಾ?

ಉತ್ತರ: ಬುಷ್ ಹೋಗಿದ್ದರೆ ಯಾಕೆ ಹೋಯಿತು ಅಂತ ಮೊದಲು ನೋಡಿ. ಹಳೇ ಎರಕದ ಕಬ್ಬಿಣದ ಸಿಲಿಂಡರ್ ಬುಲೆಟ್‌ನ ಫ್ಲೋಟಿಂಗ್ ಬುಷ್ ಬದುಕುವುದೇ ಆಯಿಲ್ ಪದರದ ಮೇಲೆ. ಪಂಪ್ ಸವೆದಿದ್ದರೆ, ಅಥವಾ ಟೈಮಿಂಗ್ ಕವರ್‌ನಿಂದ ಕ್ರ್ಯಾಂಕ್‌ಗೆ ಆಯಿಲ್ ಹೋಗುವ ಕಡೆಯ ಪುಟ್ಟ ಸೀಲ್ ಹೋಗಿದ್ದರೆ, ರೋಲರ್ ಹಾಕಿದರೂ ರೋಗ ಹಾಗೇ ಇರುತ್ತದೆ. ಅವೆರಡು ಸರಿ ಮಾಡಿಸಿ ಬುಷ್ಷೇ ಹಾಕಿಸಿ. ದಿನಾ ಹೈವೇಯಲ್ಲಿ ಜೋರಾಗಿ ಓಡಿಸುವವರಾದರೆ ರೋಲರ್ ಯೋಚನೆ ಮಾಡಬಹುದು, ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗಿ ಬರಲು ಬೇಡ.

ಪ್ರಶ್ನೆ: ಚಕ್ರಕ್ಕೂ ಓಪನ್ ಬೇರಿಂಗೇ ಬೇಕಾ?

ಉತ್ತರ: ಬೇಡ, ಅಲ್ಲಿ ರಬ್ಬರ್ ಸೀಲ್ ಇರುವ 2ಆರ್‌ಎಸ್ ಹಾಕಿ. ಮಲ್ಪೆ, ಪಣಂಬೂರು ಕಡೆ ಓಡಾಡುವ ಗಾಡಿಗಂತೂ ಅದೇ ಸರಿ. ಎರಡು ಬೇರಿಂಗ್ ನಡುವಿನ ಸ್ಪೇಸರ್ ಕೊಳವೆ ಹಾಕಲು ಮರೆಯಬೇಡಿ, ಅದಿಲ್ಲದೆ ಆಕ್ಸಲ್ ಟೈಟ್ ಮಾಡಿದರೆ ಚಕ್ರವೇ ತಿರುಗುವುದಿಲ್ಲ.