ತೆಗೆದ ಪುಸ್ತಕ ವಾಪಸ್ ಬರಬಹುದು

ಫ್ಲಾರಿಡಾದಲ್ಲಿ ಯಾರೋ ಒಬ್ಬರು ಆಕ್ಷೇಪ ಎತ್ತಿದ್ದಕ್ಕೆ ಮಗಳ ಶಾಲೆಯ ಲೈಬ್ರರಿಯಿಂದ ಪುಸ್ತಕ ತೆಗೆದಿದ್ದಾರೆ, ಇನ್ನು ಅದು ಸಿಗುವುದೇ ಇಲ್ವಾ ಅಂತ ಕೇಳಿದ್ದೀರಿ. ಸಿಗಬಹುದು, ಈಗಲೇ ಕೈಬಿಡಬೇಡಿ. 2023ರ ಕಾನೂನಿನ ಪ್ರಕಾರ, ಲೈಂಗಿಕ ವಿಷಯ ಇದೆ ಎಂದು ಆಕ್ಷೇಪ ಬಂದರೆ ಶಾಲೆ ನಡೆಯುವ 5 ದಿನಗಳೊಳಗೆ ಪುಸ್ತಕ ತೆಗೆಯಲೇಬೇಕು. ತೀರ್ಮಾನ ಆಗುವವರೆಗೆ ಮಕ್ಕಳಿಗೆ ಕೊಡುವಂತಿಲ್ಲ. ವಿಚಾರಣೆಗೆ ಮೊದಲೇ ಶಿಕ್ಷೆ ಕೊಟ್ಟ ಹಾಗಾಯಿತು, ನನಗಂತೂ ಇದು ಸರಿ ಕಾಣುವುದಿಲ್ಲ.

ಆದರೆ ಪರಿಶೀಲನಾ ಸಮಿತಿ ಮಾಡಿದರೆ ಅದರಲ್ಲಿ ಪೋಷಕರೂ ಇರಬೇಕು, ಸಭೆ ಎಲ್ಲರಿಗೂ ತೆರೆದಿರಬೇಕು. ಸಭೆ ಯಾವಾಗ ಅಂತ ಶಾಲಾ ಜಿಲ್ಲೆಯ ಕಚೇರಿಯಲ್ಲಿ ಇವತ್ತೇ ಕೇಳಿ. ಹೋಗುವ ಮುಂಚೆ ಪುಸ್ತಕ ಪೂರ್ತಿ ಓದಿ. ಒಂದೆರಡು ಪುಟ ನೋಡಿ ಮಾತಾಡುವವರೇ ಅಲ್ಲಿ ಜಾಸ್ತಿ ಇರಬಹುದು. ಅಷ್ಟರಲ್ಲಿ ಮಗಳಿಗೆ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಹುಡುಕಿಕೊಡಿ. ಈ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ.