ಹುಣ್ಣು ಮಾಯಿತಲ್ಲ, ಮತ್ತೆ ಈ ಚುಕ್ಕೆ ಯಾಕೆ ಡಾಕ್ಟ್ರೇ?

ಪ್ರಶ್ನೆ: ನನಗೆ 27 ವರ್ಷ. ಮನೆ ಬದಿಯಡ್ಕದ ಹತ್ತಿರ, ಕೆಲಸಕ್ಕೆಂದು ಕಾಸರಗೋಡು ಪೇಟೆಯಲ್ಲಿ ರೂಮು ಮಾಡಿದ್ದೇನೆ. ನಾನು ಗೇ. ಇಲ್ಲೇ ಸುತ್ತಮುತ್ತ ನಾವು ನಾಲ್ಕೈದು ಜನ ಇದ್ದೇವೆ, ನಮ್ಮೊಳಗೆ ಸಂಬಂಧವೂ ಇದೆ. ಎರಡು ತಿಂಗಳ ಹಿಂದೆ ಶಿಶ್ನದ ತುದಿಯಲ್ಲಿ ಒಂದು ಹುಣ್ಣಾಯಿತು, ನೋವಿರಲಿಲ್ಲ. ಮೆಡಿಕಲ್‌ನಿಂದ ಮುಲಾಮು ತಂದು ಹಚ್ಚಿದೆ, ಮಾಯಿತು. ಈಗ ಅಂಗೈ, ಅಂಗಾಲಿನಲ್ಲಿ ಕೆಂಪು ಚುಕ್ಕೆ. ತುರಿಕೆ ಇಲ್ಲ. ಭಾನುವಾರ ಮನೆಗೆ ಹೋದಾಗ ಅಮ್ಮ ‘ಉಷ್ಣ ಆಗಿದೆ’ ಅಂತ ಬೊಂಡ ಕೆತ್ತಿ ಕೊಟ್ಟರು. ಒಬ್ಬ ಗೆಳೆಯನಿಗೂ ಹೀಗೇ ಆಗಿದೆ. ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ ಭಯ.
— ಹೆಸರು ಬೇಡ, ಕಾಸರಗೋಡು

ಉತ್ತರ: ಬೊಂಡ ಕುಡಿಯಿರಿ, ಒಳ್ಳೆಯದೇ. ಆದರೆ ಇದು ಉಷ್ಣದ ಲಕ್ಷಣ ಅಲ್ಲ. ನೋವಿಲ್ಲದ ಹುಣ್ಣು, ಅದು ಮಾಯುವುದು, ಕೆಲವು ವಾರ ಬಿಟ್ಟು ಅಂಗೈ ಅಂಗಾಲಿನಲ್ಲಿ ತುರಿಸದ ಚುಕ್ಕೆ ಏಳುವುದು, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗ ಸಾಮಾನ್ಯವಾಗಿ ಬರುವುದೇ ಹೀಗೆ. ಮುಲಾಮಿಗೆ ಸುಮ್ನೆ ಹೆಸರು ಬಂತು. ಏನೂ ಹಚ್ಚದಿದ್ದರೂ ಆ ಹುಣ್ಣು 3ರಿಂದ 6 ವಾರದಲ್ಲಿ ಮಾಯುತ್ತದೆ, ರೋಗಾಣು ಮಾತ್ರ ಒಳಗೇ ಇರುತ್ತದೆ. ಈ ಚುಕ್ಕೆಗಳೂ ಒಂದು ದಿನ ಹೋಗುತ್ತವೆ. ಆಗ ‘ಸದ್ಯ, ಹೋಯ್ತು’ ಅಂತ ಕೂತರೆ ಮುಂದೆ ಕಣ್ಣು, ಮೆದುಳು, ಹೃದಯಕ್ಕೇ ಬರಬಹುದು.

ರಕ್ತ ಕೊಟ್ಟು ವಿಡಿಆರ್‌ಎಲ್ ಪರೀಕ್ಷೆ ಮಾಡಿಸಿ. ಸಿಫಿಲಿಸ್ ಅಂತಾದರೆ ಈ ಹಂತದಲ್ಲಿ ಒಂದೇ ಸಲದ ಪೆನ್ಸಿಲಿನ್ ಇಂಜೆಕ್ಷನ್ ಸಾಕು, 24 ಲಕ್ಷ ಯೂನಿಟ್. ಹೆಚ್ಚಾಗಿ ಎರಡೂ ಕುಂಡೆಗೆ ಅರ್ಧರ್ಧ ಚುಚ್ಚುತ್ತಾರೆ. ನೋಯುತ್ತದೆ, ಬೈಕಿನಲ್ಲಿ ಕೂರುವಾಗ ನನ್ನನ್ನು ಬೈದುಕೊಳ್ಳಿ! ಮೊದಲ ದಿನ ಜ್ವರ ಬಂದರೆ ಹೆದರಬೇಡಿ. ಪೆನ್ಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಜೊತೆಗೇ ಎಚ್‌ಐವಿ ಪರೀಕ್ಷೆಯೂ ಆಗಲಿ. ಗೊನೋರಿಯಾ ಅಂತ ಹೀಗೇ ಹರಡುವ ಇನ್ನೊಂದು ರೋಗ ಇದೆ. ಅದು ಗಂಟಲು, ಗುದದಲ್ಲಿದ್ದರೆ ಎಷ್ಟೋ ಸಲ ಲಕ್ಷಣವೇ ಇರುವುದಿಲ್ಲ, ಮೂತ್ರ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಹಾಗಾಗಿ ಗಂಡಸರ ಜೊತೆ ಸಂಬಂಧ ಇದೆ, ಹೀಗೆ ಹೀಗೆ ಅಂತ ಡಾಕ್ಟರಿಗೆ ಬಿಚ್ಚಿ ಹೇಳಬೇಕು.

ಭಯದ ಮಾತು. ಗಂಡಸರಿಬ್ಬರ ಒಪ್ಪಿತ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ. ಎಚ್‌ಐವಿ ವಿಷಯ ಗುಟ್ಟಾಗಿಡಬೇಕೆಂದು 2017ರ ಕಾನೂನೇ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ‘ಜ್ಯೋತಿಸ್’ ಕೇಂದ್ರ ಎಲ್ಲಿ ಅಂತ ಕೇಳಿ. ಅದು ಎಚ್‌ಐವಿ ಪರೀಕ್ಷೆ, ಸಲಹೆಯ ಕೇಂದ್ರ, ಪರೀಕ್ಷೆಗೆ ಅಲ್ಲಿ ದುಡ್ಡಿಲ್ಲ. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನು ಮಾಡಿಯೂ ಕೇಳಬಹುದು. ಪರಿಚಯದವರು ಸಿಕ್ಕಾರು ಅನ್ನಿಸಿದರೆ ಮಂಗಳೂರಿಗೆ ರೈಲು ಹತ್ತಿ, ಹೇಗೂ ನಮ್ಮವರು ಹಲ್ಲುನೋವಿಗೂ ಅಲ್ಲಿಗೇ ಓಡುತ್ತಾರೆ ಅಲ್ವಾ?

ಗೆಳೆಯರನ್ನೂ ಕರೆದುಕೊಂಡು ಹೋಗಿ. ಕಳೆದ ಮೂರು ತಿಂಗಳಲ್ಲಿ ನಿಮ್ಮ ಜೊತೆ ಮಲಗಿದವರಿಗೆ ರಿಪೋರ್ಟು ನೆಗೆಟಿವ್ ಬಂದರೂ ಇಂಜೆಕ್ಷನ್ ಬೇಕಾಗುತ್ತದೆ. ಯಾರಿಂದ ಯಾರಿಗೆ ಬಂತು ಅಂತ ಜಗಳ ಮಾಡಿ ಉಪಯೋಗ ಇಲ್ಲ. ಒಬ್ಬ ತಪ್ಪಿಸಿಕೊಂಡರೂ ಮತ್ತೆ ಸುತ್ತಿ ನಿಮಗೇ ಬರುತ್ತದೆ. ಇಂಜೆಕ್ಷನ್ ಆಗಿ, ಚುಕ್ಕೆ ಪೂರ್ತಿ ಮಾಯುವ ತನಕ ಸಂಬಂಧ ಬೇಡ. ಆಮೇಲೆ ಕಾಂಡೋಮ್ ಇರಲಿ, ಅದರ ಮೇಲೆ ತೆಂಗಿನೆಣ್ಣೆ ಮಾತ್ರ ಬೇಡ. ನಮ್ಮಲ್ಲಿ ತಲೆಗೂ ಅದೇ, ಒಗ್ಗರಣೆಗೂ ಅದೇ, ಆದರೆ ಎಣ್ಣೆ ತಾಗಿದರೆ ರಬ್ಬರು ಹರಿಯುತ್ತದೆ. ನೀರಿನ ಅಂಶದ ಜೆಲ್ ಮೆಡಿಕಲ್‌ನಲ್ಲೇ ಸಿಗುತ್ತದೆ, ಮುಲಾಮು ತಂದಿರಲ್ಲ, ಹಾಗೇ ಕೇಳಿ ತನ್ನಿ.